ಶನಿವಾರದ ಓವನ್ ತರಗತಿ: ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಶಾಲಾ ಬಾಲಕಿಯರಿಗಾಗಿ ನಾವು ನಡೆಸುತ್ತಿರುವ ವಾರಾಂತ್ಯದ ತರಗತಿಯ ಬಗ್ಗೆ ತಂದೆ ತಾಯಂದಿರು, ಅಜ್ಜ ಅಜ್ಜಿಯರು ಮತ್ತು ಆಗಾಗ ಮಕ್ಕಳೇ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಲೋಕದ ಬೇರೆ ಬೇರೆ ಜನ ಏನನ್ನು ಬೆಳೆಯುತ್ತಾರೆ, ಅದನ್ನು ಹೇಗೆ ಹಿಟ್ಟು ಮಾಡಿ ಬೇಯಿಸುತ್ತಾರೆ, ಯಾವ ದಿನ ಯಾರೊಡನೆ ಹಂಚಿ ತಿನ್ನುತ್ತಾರೆ ಎಂಬುದನ್ನು ಹುಡುಗಿಯರು ಓದಿ, ಚರ್ಚಿಸಿ, ಕೊನೆಗೆ ತಮ್ಮ ಕೈಯಿಂದಲೇ ಮಾಡಿ ತಿಳಿದುಕೊಳ್ಳುವುದು ಈ ತರಗತಿಯ ಕ್ರಮ. ಮಗಳನ್ನು ಸೇರಿಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ.

ಇದು ಅಡುಗೆ ತರಗತಿಯೋ, ಸಮಾಜ ವಿಜ್ಞಾನದ ತರಗತಿಯೋ?

ಎರಡೂ ಹೌದು. ಆದರೆ ಪಾಕವಿಧಾನಗಳ ಪಟ್ಟಿ ಹಿಡಿದು ವಾರಕ್ಕೊಂದು ಕೇಕು ಮಾಡಿಸುವ ತರಗತಿಯನ್ನು ಹುಡುಕುತ್ತಿರುವವರಿಗೆ ನಿರಾಸೆಯಾದೀತು. ನಾವು ಆರಿಸಿಕೊಳ್ಳುವ ಪ್ರತಿಯೊಂದು ವಿಷಯಕ್ಕೂ ಎರಡು ಶನಿವಾರಗಳಿರುತ್ತವೆ. ಮೊದಲನೆಯ ಶನಿವಾರ ಭೂಪಟ, ಆ ನಾಡಿನ ಮಳೆ ಮತ್ತು ಮಣ್ಣು, ಅಲ್ಲಿನ ಧಾನ್ಯ, ಆ ತಿನಿಸಿನ ಇತಿಹಾಸ ಇವುಗಳಿಗೆ ಮೀಸಲು. ಅಂದು ಓವನ್ ಹಚ್ಚುವುದಿಲ್ಲ. ಎರಡನೆಯ ಶನಿವಾರ ಹಿಟ್ಟಿಗೆ ಕೈ ಹಾಕುತ್ತೇವೆ. ಮೊದಲ ವಾರ ಮಗಳು ಬರಿಗೈಯಲ್ಲಿ ಮನೆಗೆ ಬಂದಳೆಂದು ಕೆಲವರು ಬೇಸರಪಟ್ಟುಕೊಳ್ಳುತ್ತಾರೆ, ಆದರೂ ಈ ಕ್ರಮವನ್ನು ಬದಲಿಸುವ ವಿಚಾರ ನಮಗಿಲ್ಲ.

ಫ್ರಾನ್ಸಿನ ಉದ್ದನೆಯ ಬಗೆಟ್ ಬ್ರೆಡ್ಡನ್ನೇ ತೆಗೆದುಕೊಳ್ಳಿ. ಸಾಂಪ್ರದಾಯಿಕ ಬಗೆಟ್ ಎಂದು ಕರೆಸಿಕೊಳ್ಳುವ ಬ್ರೆಡ್ಡಿನಲ್ಲಿ ಗೋಧಿ ಹಿಟ್ಟು, ನೀರು, ಉಪ್ಪು ಮತ್ತು ಹುದುಗು ಮುಖ್ಯವಾಗಿರಬೇಕು, ಕೆಡದಂತೆ ಕಾಪಾಡುವ ರಾಸಾಯನಿಕಗಳನ್ನು ಸೇರಿಸಬಾರದು ಎಂದು ಅಲ್ಲಿನ ಸರ್ಕಾರ 1993ರಲ್ಲಿ ಆದೇಶ ಹೊರಡಿಸಿತು. ಅದನ್ನು ಮಾಡುವ ಕುಶಲತೆಯನ್ನು ಯುನೆಸ್ಕೊ 2022ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ದೇಶದ ಸರ್ಕಾರ ಬ್ರೆಡ್ಡಿನ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ ಎಂಬ ಪ್ರಶ್ನೆ ಮಕ್ಕಳಿಂದ ಬಂದೇ ಬರುತ್ತದೆ. ಆಗ ನಾವು 1789ರ ಅಕ್ಟೋಬರ್ 5ಕ್ಕೆ ಹೋಗುತ್ತೇವೆ. ಬ್ರೆಡ್ಡಿನ ಬೆಲೆ ಏರಿ, ಸಿಗುವುದೇ ಕಷ್ಟವಾಗಿದ್ದ ಆ ದಿನ ಪ್ಯಾರಿಸ್ಸಿನ ಮಾರುಕಟ್ಟೆಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ವರ್ಸೇಲ್ಸ್ ಅರಮನೆಗೆ ನಡೆದುಹೋದರು, ಮರುದಿನ ರಾಜಕುಟುಂಬವನ್ನು ಪ್ಯಾರಿಸ್ಸಿಗೆ ಕರೆತಂದರು. ಫ್ರಾನ್ಸಿನ ಮಹಾಕ್ರಾಂತಿಯ ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಈ ಘಟನೆಗೆ ನಮ್ಮಲ್ಲಿ ಒಂದು ಗಂಟೆ ಸಿಗುತ್ತದೆ.

ಹೆಣ್ಣುಮಕ್ಕಳಿಗೆ ಮಾತ್ರ ಏಕೆ? ಅವರನ್ನು ಮತ್ತೆ ಅಡುಗೆಮನೆಗೇ ಕಳಿಸಿದಂತಾಗಲಿಲ್ಲವೇ?

ಈ ಪ್ರಶ್ನೆಯನ್ನು ಹೆಚ್ಚಾಗಿ ತಾಯಂದಿರೇ ಕೇಳುತ್ತಾರೆ, ಮತ್ತು ಅದನ್ನು ಕೇಳಬೇಕಾದದ್ದೇ. ಹೆಣ್ಣುಮಗಳಿಗೆ ಮನೆಯ ಅಡುಗೆಮನೆಯಲ್ಲಿ ಸಿಗುವ ಪಾಠದ ಹಿಂದೆ ಬಹುಪಾಲು ಒಂದು ಕರ್ತವ್ಯದ ಎಚ್ಚರಿಕೆ ಇರುತ್ತದೆ: ನಾಳೆ ಹೋದ ಮನೆಯಲ್ಲಿ ಏನೆಂದುಕೊಂಡಾರು ಎಂಬ ಮಾತು ಹೇಳದಿದ್ದರೂ ಕೇಳಿಸುತ್ತದೆ. ನಮ್ಮ ತರಗತಿಯಲ್ಲಿ ಯಾರಿಗೂ ಬಡಿಸುವ ಹೊಣೆ ಇಲ್ಲ. ಹಿಟ್ಟು ಏಕೆ ಉಬ್ಬಿತು, ಏಕೆ ಉಬ್ಬಲಿಲ್ಲ, ಅರ್ಮೇನಿಯಾದಲ್ಲಿ ಹೆಂಗಸರು ಗುಂಪಾಗಿ ಕೂತು ಮಾಡುವ ರೊಟ್ಟಿಯ ಕೆಲಸ ಪ್ಯಾರಿಸ್ಸಿನ ಬೇಕರಿಗಳಲ್ಲಿ ಬಹುಕಾಲ ಗಂಡಸರದ್ದೇ ಆಗಿದ್ದೇಕೆ, ಮನೆಯಲ್ಲಿ ಹೆಂಗಸರು ಮಾಡಿದರೆ ಕೂಲಿಯಿಲ್ಲದ ಕೆಲಸ ಅಂಗಡಿಗೆ ಬಂದೊಡನೆ ಕಸುಬಾಗುವುದೇಕೆ ಎಂಬಂಥ ಪ್ರಶ್ನೆಗಳನ್ನು ಹುಡುಗಿಯರು ಕೇಳಿಕೊಳ್ಳಬೇಕೆಂಬುದು ನಮ್ಮ ಆಸೆ. ಕಲಬುರಗಿ, ವಿಜಯಪುರದ ಕಡೆ ಜೋಳದ ರೊಟ್ಟಿ ತಟ್ಟಿ ಮಾರುವ ಮಹಿಳೆಯರ ಗುಂಪುಗಳನ್ನು ಕುರಿತೂ ಇದೇ ಸಂದರ್ಭದಲ್ಲಿ ಮಾತನಾಡುತ್ತೇವೆ.

ಹುಡುಗರು ಏಕಿಲ್ಲ ಎಂಬುದಕ್ಕೆ ಉತ್ತರ ಇನ್ನೂ ಸರಳ. ಆರೇಳನೆಯ ತರಗತಿಗೆ ಬರುವ ಹೊತ್ತಿಗೆ ಬೀದಿಯ ಆಟ, ಮೈದಾನ, ಸಂಜೆಯ ಸುತ್ತಾಟ ಎಲ್ಲವೂ ಹುಡುಗಿಯರ ಕೈಯಿಂದ ಮೆಲ್ಲಗೆ ಜಾರುತ್ತವೆ. ಮುಖಕ್ಕೆಲ್ಲ ಹಿಟ್ಟು ಬಳಿದುಕೊಂಡು, ಗಟ್ಟಿಯಾಗಿ ನಕ್ಕು, ತಪ್ಪು ಉತ್ತರ ಹೇಳಿಯೂ ಕುಗ್ಗದೆ ಮೂರು ಗಂಟೆ ಕಳೆಯಲು ಅವರಿಗೊಂದು ಜಾಗ ಬೇಕು. ಗಂಡುಮಕ್ಕಳಿಗೂ ಬೇಕಿಂಗ್ ಬರಬೇಕೆಂಬುದರಲ್ಲಿ ನಮಗೆ ಅನುಮಾನವಿಲ್ಲ; ಮಗಳು ಕಲಿತದ್ದನ್ನು ಮನೆಯಲ್ಲಿ ಅಣ್ಣ ತಮ್ಮಂದಿರಿಗೆ ಕಲಿಸಲಿ, ಪಾತ್ರೆಯನ್ನು ಅವರೇ ತೊಳೆಯಲಿ.

ಯಾವ ವಯಸ್ಸಿನವರು ಬರಬಹುದು? ಸಮಯ ಯಾವುದು?

ಐದರಿಂದ ಒಂಬತ್ತನೆಯ ತರಗತಿಯವರೆಗಿನ ಬಾಲಕಿಯರು ಬರಬಹುದು. ಶನಿವಾರ ಮಧ್ಯಾಹ್ನ 2.30ರಿಂದ 5.30ರವರೆಗೆ ತರಗತಿ ನಡೆಯುತ್ತದೆ. ಒಂದು ತಂಡದಲ್ಲಿ 12 ಜನರಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ, ಏಕೆಂದರೆ ಓವನ್ನಿನ ಮುಂದೆ ಅದಕ್ಕಿಂತ ಹೆಚ್ಚು ಮಕ್ಕಳ ಮೇಲೆ ಕಣ್ಣಿಡುವುದು ಕಷ್ಟ.

ಯಾವ ಯಾವ ನಾಡುಗಳ ಬಗ್ಗೆ ಕಲಿಸುತ್ತೀರಿ? ಆಯ್ಕೆ ಹೇಗೆ?

ಇಡೀ ಲೋಕವನ್ನು ಒಂದು ಅವಧಿಯಲ್ಲಿ ಸುತ್ತಿಸುತ್ತೇವೆಂದು ಹೇಳಿಕೊಳ್ಳುವುದಿಲ್ಲ. ಒಂದು ಅವಧಿಗೆ ಐದಾರು ವಿಷಯಗಳು ಸಾಕು. ಪ್ರತಿ ನಾಡಿಗೂ ಒಂದು ಬಾವುಟ, ಒಂದು ವೇಷ, ಒಂದು ತಿಂಡಿ ಎಂದು ಹಂಚಿಬಿಡುವ ಶಾಲಾ ವಾರ್ಷಿಕೋತ್ಸವದ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ತಿನಿಸೊಂದನ್ನು ಆರಿಸುವಾಗ ಅದು ಆ ನಾಡಿನ ಜನಜೀವನದ ಯಾವುದಾದರೊಂದು ಗಂಟನ್ನು ಬಿಡಿಸುವಂತಿದೆಯೇ ಎಂದಷ್ಟೇ ನೋಡುತ್ತೇವೆ.

ಮೊದಲ ಪಾಠ ಸಾಮಾನ್ಯವಾಗಿ ಐರ್ಲೆಂಡಿನ ಸೋಡಾ ಬ್ರೆಡ್ಡು. ಅದಕ್ಕೆ ಯೀಸ್ಟ್ ಬೇಡ, ಮೊಟ್ಟೆ ಬೇಡ, ಹೆಚ್ಚು ನಾದುವುದೂ ಬೇಡ. ಅಡುಗೆ ಸೋಡಾಕ್ಕೆ ಮಜ್ಜಿಗೆಯ ಹುಳಿ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹಿಟ್ಟನ್ನು ಉಬ್ಬಿಸುತ್ತದೆ, ಹಾಗಾಗಿ ಕಲಸಿದ ಕೂಡಲೇ ಓವನ್ನಿಗೆ ಇಡಬೇಕು. ಐರ್ಲೆಂಡಿನ ತಂಪು ಹವೆಯಲ್ಲಿ ಬೆಳೆಯುವ ಗೋಧಿ ಮೃದು ಜಾತಿಯದು, ಅಂಟು ಕಡಿಮೆ, ಯೀಸ್ಟ್ ಬ್ರೆಡ್ಡಿಗೆ ಅಷ್ಟಾಗಿ ಒಗ್ಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಸೋಡಾ ಬಳಕೆಗೆ ಬಂದಾಗ ಬಡವರ ಮನೆಗಳಿಗೂ ಬ್ರೆಡ್ಡು ಬಂತು. ಅದೇ ಶತಮಾನದಲ್ಲಿ, 1845ರಿಂದ 1852ರವರೆಗೆ, ಆಲೂಗಡ್ಡೆಗೆ ತಗುಲಿದ ರೋಗದಿಂದ ಆ ನಾಡು ಭೀಕರ ಬರವನ್ನು ಕಂಡಿತು. ಒಂದೇ ಬೆಳೆಯನ್ನು ನಂಬಿದವರ ಪಾಡು ಏನಾಗುತ್ತದೆ ಎಂಬ ಮಾತು ಇಲ್ಲಿಂದಲೇ ಆರಂಭ.

ಇಥಿಯೋಪಿಯದ ಇಂಜೆರಾ ನಮ್ಮ ಮಕ್ಕಳಿಗೆ ತುಂಬ ಹಿಡಿಸುವ ಪಾಠ. ತೆಫ್ ಎಂಬ ಅತಿ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಮಿತಾದ್ ಎಂಬ ಅಗಲವಾದ ಹೆಂಚಿನ ಮೇಲೆ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲೆಲ್ಲ ಕಣ್ಣು ಕಣ್ಣು ಏಳುತ್ತವೆ. ಇದನ್ನು ನೋಡಿದ ತಕ್ಷಣ ಮಕ್ಕಳು “ಓ, ಅವರ ದೋಸೆ” ಎಂದುಬಿಡುತ್ತಾರೆ. ಅಲ್ಲಿಗೆ ಬಿಟ್ಟರೆ ಏನೂ ಕಲಿತಂತಾಗಲಿಲ್ಲ. ಇಂಜೆರಾ ತಟ್ಟೆಯೂ ಹೌದು, ತುತ್ತೂ ಹೌದು: ಅದರ ಮೇಲೆಯೇ ಪಲ್ಯ ಸಾರುಗಳನ್ನು ಬಡಿಸಿ, ಸುತ್ತ ಕೂತವರೆಲ್ಲ ಒಂದೇ ತಟ್ಟೆಯಿಂದ ಮುರಿದು ತಿನ್ನುತ್ತಾರೆ. ಎಂಜಲಿನ ಬಗ್ಗೆ ನಮಗಿರುವ ಎಚ್ಚರವನ್ನು ಇದರ ಪಕ್ಕದಲ್ಲಿಟ್ಟು ಮಾತನಾಡಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಇನ್ನೊಂದು ನಿಜವಾದ ನಂಟೂ ಇದೆ. ಮಂಡ್ಯ, ಮೈಸೂರಿನ ಮಕ್ಕಳು ತಮ್ಮದೇ ಎಂದುಕೊಂಡಿರುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ಇಲ್ಲಿಗೆ ಬಂತು. ತೆಫ್ ಇಲ್ಲಿ ಸುಲಭವಾಗಿ ಸಿಗದ ಕಾರಣ ನಾವು ರಾಗಿ ಹಿಟ್ಟಿನಲ್ಲಿ ಮಾಡಿಸುತ್ತೇವೆ, ಮಾಡಿದ್ದನ್ನು ಇಂಜೆರಾ ಎಂದು ಕರೆಯುವುದಿಲ್ಲ.

ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್ ಕಡೆಯ ಮಾಮೂಲ್ ಎಂಬ ಬಿಸ್ಕತ್ತಿನಲ್ಲಿ ರವೆ, ತುಪ್ಪ ಅಥವಾ ಬೆಣ್ಣೆ, ಒಳಗೆ ಖರ್ಜೂರದ ಹೂರಣ. ಅಲ್ಲಿನ ಮುಸ್ಲಿಮರು ಈದ್ ಹಬ್ಬಕ್ಕೆ, ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಇದನ್ನೇ ಮಾಡುತ್ತಾರೆ. ಕೆತ್ತನೆಯ ಮರದ ಅಚ್ಚಿಗೆ ಒತ್ತಿ, ಅಚ್ಚನ್ನು ಹಲಗೆಗೆ ಬಡಿದು ಬಿಡಿಸುವುದು ಅವರ ಕ್ರಮ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚುಗಳು ಯಾರ ಮನೆಯಲ್ಲಿದ್ದರೂ ಆ ವಾರ ತರಲು ಹೇಳುತ್ತೇವೆ. ಪಾಕ ಹುಯ್ಯುವ ಅಚ್ಚಿಗೆ ಹಿಟ್ಟು ಒತ್ತಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ.

ಜಪಾನಿನ ಅನ್‌ಪಾನ್ ಬನ್ನಿನ ಕತೆ ಬೇರೆ. ಪಾಶ್ಚಾತ್ಯ ಬ್ರೆಡ್ಡು ಅಲ್ಲಿನವರ ನಾಲಿಗೆಗೆ ಹಿಡಿಸದಿದ್ದ ಕಾಲದಲ್ಲಿ, 1874ರಲ್ಲಿ, ಟೋಕಿಯೊದ ಗಿಂಜಾದ ಕಿಮುರಾಯ ಬೇಕರಿಯವರು ಅಕ್ಕಿಯಿಂದ ಪಡೆದ ಹುದುಗಿನಲ್ಲಿ ಹಿಟ್ಟು ಉಬ್ಬಿಸಿ, ಒಳಗೆ ಅಜುಕಿ ಕಾಳಿನ ಸಿಹಿ ಹೂರಣ ತುಂಬಿದರು. ಮರುವರ್ಷ ಏಪ್ರಿಲ್ 4ರಂದು ಅದು ಮೇಜಿ ಚಕ್ರವರ್ತಿಯ ಮುಂದೆ ಹೋಯಿತು. ಹೊರಗಿನಿಂದ ಬಂದದ್ದನ್ನು ಒಂದು ಜನಾಂಗ ಹೇಗೆ ತನ್ನದಾಗಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ. ನಮ್ಮಲ್ಲಿ ಅಲಸಂದೆ ಕಾಳಿನ ಹೂರಣ ಬಳಸುತ್ತೇವೆ.

ಇವಲ್ಲದೆ ಅರ್ಮೇನಿಯಾದ ಲವಾಶ್ ಇದೆ. ಹುಲ್ಲು ಅಥವಾ ಉಣ್ಣೆ ತುಂಬಿದ ದಿಂಬಿನ ಮೇಲೆ ತೆಳ್ಳಗೆ ಎಳೆದು, ಮಣ್ಣಿನ ಒಲೆಯ ಗೋಡೆಗೆ ಬಡಿದು ಅಂಟಿಸುವ ಈ ರೊಟ್ಟಿ 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡದೆ, ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುತ್ತದೆ. ಮಣ್ಣಿನ ಒಲೆ ನಮ್ಮಲ್ಲಿಲ್ಲ, ಬೋರಲು ಹಾಕಿದ ಕಬ್ಬಿಣದ ಬಾಣಲೆಯಲ್ಲಿ ಸುಧಾರಿಸಿಕೊಳ್ಳುತ್ತೇವೆ. ಸ್ವೀಡನ್ನಿನಲ್ಲಿ ಡಿಸೆಂಬರ್ 13ರ ಲೂಸಿಯಾ ಹಬ್ಬಕ್ಕೆ ಮಾಡುವ ಕೇಸರಿ ಬನ್ನು ಚಳಿಗಾಲದ ಅವಧಿಗೆ ಮೀಸಲು.

ಎಲ್ಲವೂ ಹೊರದೇಶದ್ದೇ ಆಯಿತು. ನಮ್ಮ ನಾಡಿನ ವಿಷಯ ಇಲ್ಲವೇ?

ಇದೆ, ಆದರೆ ಕೊನೆಯಲ್ಲಿ ಬರುತ್ತದೆ. ಬೇರೆಯವರನ್ನು ನೋಡಿ ಬಂದ ಕಣ್ಣಿಗೆ ಸ್ವಂತದ್ದು ಹೊಸದಾಗಿ ಕಾಣುತ್ತದೆ ಎಂಬುದು ನಮ್ಮ ಅನುಭವ. ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ರೊಟ್ಟಿಯ ಚೂರುಗಳು ಜೋರ್ಡಾನಿನ ಮರುಭೂಮಿಯ ಒಂದು ಒಲೆಯಲ್ಲಿ ದೊರೆತವು, ಸುಮಾರು 14,400 ವರ್ಷಗಳಷ್ಟು ಹಳೆಯವು, ಅಂದರೆ ಬೇಸಾಯಕ್ಕಿಂತ ರೊಟ್ಟಿಯೇ ಮೊದಲು. ಆ ಸೀಮೆಯ ಆಸುಪಾಸಿನಲ್ಲಿ ಮನುಷ್ಯ ಮೊದಲು ಬೆಳೆಯಲು ಕಲಿತ ಗೋಧಿಗಳಲ್ಲಿ ಒಂದು ಇಂದಿಗೂ ಉತ್ತರ ಕರ್ನಾಟಕದ ಹೊಲಗಳಲ್ಲಿ ಜವೆಗೋಧಿಯಾಗಿ ಉಳಿದಿದೆ, ಹುಗ್ಗಿಯಾಗಿ ಎಲೆಗೆ ಬರುತ್ತಿದೆ. ಈ ಗೋಧಿಯ ಹಿಟ್ಟನ್ನೂ ಮೈದಾವನ್ನೂ ಪಕ್ಕಪಕ್ಕದಲ್ಲಿ ನಾದಿಸಿದಾಗ ಅಂಟಿನ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಬೇಕರಿಯ ಮಾತು ಬಂದಾಗ ಹಾಸನ ಜಿಲ್ಲೆಯಿಂದ ಬೆಂಗಳೂರಿಗೆ ಹೋದ ಅಯ್ಯಂಗಾರ್ ಕುಟುಂಬಗಳ ಕತೆಯನ್ನು ಬಿಡುವಂತಿಲ್ಲ. 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭವಾದ ಬಿ.ಬಿ. ಬೇಕರಿ ಈ ಪರಂಪರೆಯ ಮೊದಲಿಗರಲ್ಲಿ ಒಂದು. ಮಡಿವಂತ ಸಮುದಾಯವೊಂದು ಪರದೇಶದ ಕಸುಬನ್ನು ಕಲಿತು, ಮೊಟ್ಟೆಯನ್ನು ಬಿಟ್ಟು, ಹಸಿಮೆಣಸಿನಕಾಯಿ ಕೊತ್ತಂಬರಿ ಸೇರಿಸಿ ಖಾರಾ ಬನ್ ಮಾಡಿದ್ದು ಅನ್‌ಪಾನ್‌ನ ಕತೆಗೆ ಸಮನಾಗಿ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಮಂಗಳೂರಿನ ಕ್ರೈಸ್ತರ ಮನೆಗಳ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ಬಗ್ಗೆ ತಿಳಿದುಕೊಳ್ಳುತ್ತೇವೆ. ಅದರಲ್ಲಿ ಹೆಚ್ಚಿನವು ಎಣ್ಣೆಯಲ್ಲಿ ಕರಿದವು, ಆದ್ದರಿಂದ ಮಾಡಿಸುವುದಿಲ್ಲ, ತರಿಸಿ ಹಂಚುತ್ತೇವೆ.

ಮೊಟ್ಟೆ ಬಳಸುತ್ತೀರಾ?

ಇಲ್ಲ. ಮೊಟ್ಟೆ, ಜೆಲಟಿನ್, ಮದ್ಯ ಇವು ಮೂರೂ ನಮ್ಮ ಅಡುಗೆಮನೆಯೊಳಗೆ ಬರುವುದಿಲ್ಲ. ಕ್ರಿಸ್ಮಸ್ ಕೇಕಿನ ಒಣಹಣ್ಣುಗಳನ್ನು ಕಿತ್ತಳೆ ರಸದಲ್ಲಿ ನೆನೆಹಾಕುತ್ತೇವೆ.

ಆದರೆ ಮೂಲದಲ್ಲಿ ಮೊಟ್ಟೆ ಇರುವ ತಿನಿಸಿನ ವಿಷಯದಲ್ಲಿ ಅದನ್ನು ಮುಚ್ಚಿಡುವುದಿಲ್ಲ. ಮೊಟ್ಟೆಯ ಬಿಳಿಭಾಗ ಗಾಳಿಯನ್ನು ಹಿಡಿದಿಡುತ್ತದೆ, ಹಳದಿ ಭಾಗ ಜಿಡ್ಡನ್ನೂ ನೀರನ್ನೂ ಬೆಸೆಯುತ್ತದೆ, ಬಿಸಿಗೆ ಎರಡೂ ಗಟ್ಟಿಯಾಗಿ ಆಕಾರ ಕೊಡುತ್ತವೆ ಎಂಬುದನ್ನು ವಿವರಿಸಿ, ಅದನ್ನು ಬಿಟ್ಟಾಗ ಯಾವ ಕೆಲಸವನ್ನು ಮೊಸರಿಗೆ, ಯಾವುದನ್ನು ಅಗಸೆ ಬೀಜದ ಪುಡಿಗೆ ಒಪ್ಪಿಸುತ್ತೇವೆ, ಎಲ್ಲಿ ನಷ್ಟವಾಗುತ್ತದೆ ಎಂಬುದನ್ನೂ ಹೇಳುತ್ತೇವೆ. ಮೊಟ್ಟೆಯಿಲ್ಲದ ತಿನಿಸುಗಳು ನಮ್ಮಲ್ಲಿ ಮಾತ್ರ ಇವೆಯೆಂಬ ಭ್ರಮೆಯೂ ಬೇಡ. ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ಡಿನಲ್ಲಿ ತೂಕದ ಲೆಕ್ಕದಲ್ಲಿ ಮೂರು ಪಾಲು ಹಿಟ್ಟು, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ ಇಷ್ಟೇ. ಮೊದಲ ಮಹಾಯುದ್ಧದ ನೆನಪಿನೊಡನೆ ಬೆಸೆದಿರುವ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನವರು ಏಪ್ರಿಲ್ 25ರ ಸ್ಮರಣೆಯ ದಿನದಂದು ಮಾಡುವ ಆನ್‌ಜಾಕ್ ಬಿಸ್ಕತ್ತಿಗೂ ಮೊಟ್ಟೆ ಇಲ್ಲ. ಓಟ್ಸ್, ತೆಂಗಿನಕಾಯಿ ತುರಿ, ಬೆಣ್ಣೆ ಮತ್ತು ಸಕ್ಕರೆಯ ಗಟ್ಟಿ ಪಾಕವೇ ಅದನ್ನು ಹಿಡಿದಿಡುತ್ತವೆ. ಆ ಪಾಕದ ಬದಲು ಮಲೆನಾಡಿನ ಜೋನಿಬೆಲ್ಲ ಹಾಕಿದರೆ ರುಚಿ ಮೂಲಕ್ಕಿಂತ ಒಂದು ಕೈ ಮೇಲೆಂದು ನಮ್ಮ ಪಕ್ಷಪಾತದ ಅಭಿಪ್ರಾಯ.

ಯೀಸ್ಟ್ ಮಾಂಸಾಹಾರವಲ್ಲವೇ?

ಅಲ್ಲ. ಯೀಸ್ಟ್ ಪ್ರಾಣಿಯಲ್ಲ, ಅಣಬೆಯ ವರ್ಗಕ್ಕೆ ಸೇರಿದ, ಬರಿಗಣ್ಣಿಗೆ ಕಾಣದ ಜೀವಿ. ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡನ್ನೂ ತುಸು ಆಲ್ಕೊಹಾಲನ್ನೂ ಹೊರಬಿಡುತ್ತದೆ. ಓವನ್ನಿನ ಬಿಸಿಗೆ ಯೀಸ್ಟ್ ಸಾಯುತ್ತದೆ, ಆಲ್ಕೊಹಾಲಿನ ಬಹುಪಾಲು ಆರಿಹೋಗುತ್ತದೆ. ಹುದುಗುವಿಕೆ ಜೀವಂತ ಕಣಗಳ ಕೆಲಸವೆಂದು ಲೂಯಿ ಪಾಶ್ಚರ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತೋರಿಸಿಕೊಟ್ಟ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯ, ಅದರಲ್ಲೂ ಹಲವು ಬಗೆಯ ಯೀಸ್ಟ್ ಕಂಡುಬರುತ್ತವೆ. ಇಷ್ಟಾದರೂ ತಮ್ಮ ಆಚರಣೆಯ ಕಾರಣಕ್ಕೆ ಯೀಸ್ಟ್ ಬೇಡವೆನ್ನುವ ಜೈನ ಕುಟುಂಬಗಳ ಮಕ್ಕಳಿಗೆ ಸೋಡಾ ಬಳಸಿ ಮಾಡುವ ಬೇರೆ ತಿನಿಸನ್ನು ಅದೇ ಮೇಜಿನಲ್ಲಿ ಮಾಡಿಸುತ್ತೇವೆ. ಸೇರಿಸುವಾಗಲೇ ತಿಳಿಸಿದರೆ ಸಾಕು.

ಬೇರೆ ಧರ್ಮದವರ ಹಬ್ಬಗಳನ್ನು ಮಕ್ಕಳಿಂದ ಆಚರಿಸುತ್ತೀರಾ?

ಆಚರಿಸುವುದಿಲ್ಲ, ತಿಳಿದುಕೊಳ್ಳುತ್ತೇವೆ. ಯೆಹೂದಿಗಳು ಶುಕ್ರವಾರ ಸಂಜೆ ಆರಂಭವಾಗುವ ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನಕ್ಕೆ ಜಡೆಯಂತೆ ಹೆಣೆದ ಹಲ್ಲಾ ಬ್ರೆಡ್ಡು ಮಾಡುವಾಗ ಹಿಟ್ಟಿನ ಒಂದು ಚೂರನ್ನು ಬೇರೆ ತೆಗೆದಿಡುವುದೇಕೆ ಎಂದು ಓದುತ್ತೇವೆ, ಮೂರೆಳೆ ಆರೆಳೆಯ ಹೆಣಿಗೆಯನ್ನು ಅಭ್ಯಾಸ ಮಾಡುತ್ತೇವೆ, ಪ್ರಾರ್ಥನೆ ಹೇಳಿಸುವುದಿಲ್ಲ. ಯಾವ ಪೂಜೆ, ಪ್ರಾರ್ಥನೆ, ವೇಷವೂ ತರಗತಿಯಲ್ಲಿ ಇರುವುದಿಲ್ಲ.

ಸೂಕ್ಷ್ಮವೆನಿಸುವ ವಿಷಯಗಳನ್ನು ಬಿಟ್ಟುಬಿಡುವುದೂ ಇಲ್ಲ. ಮೆಕ್ಸಿಕೊದವರು ನವೆಂಬರ್ 1 ಮತ್ತು 2ರಂದು ತೀರಿಹೋದವರ ನೆನಪಿಗೆ ವೇದಿಕೆ ಸಿಂಗರಿಸಿ, ಅವರಿಗಿಷ್ಟವಾದದ್ದನ್ನೆಲ್ಲ ಇಟ್ಟು, ಮೇಲೆ ಮೂಳೆಯ ಆಕಾರದ ಹಿಟ್ಟಿನ ಪಟ್ಟಿ ಅಂಟಿಸಿದ ಸಿಹಿ ಬ್ರೆಡ್ಡನ್ನು ಮಾಡುತ್ತಾರೆ. ಸಾವಿನ ವಿಷಯ ಮಕ್ಕಳಿಗೇಕೆ ಎಂದು ಕೆಲವರು ಕೇಳಿದ್ದುಂಟು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳ ಮಕ್ಕಳಿಗೆ ಇದು ಅಪರಿಚಿತವಲ್ಲ, ಮತ್ತು ಅಜ್ಜಿಗೆ ಏನಿಷ್ಟವಾಗಿತ್ತು ಎಂಬ ಪ್ರಶ್ನೆಗೆ ಈ ತರಗತಿಯಲ್ಲಿ ಬರುವಷ್ಟು ಮಾತು ಬೇರಾವ ದಿನವೂ ಬರುವುದಿಲ್ಲ. ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೆ ನಮಗೆ ಮೊದಲೇ ತಿಳಿಸಿ, ಆ ವಾರ ಮಗು ಬರಬೇಕೋ ಬೇಡವೋ ಎಂಬುದನ್ನು ಅವಳನ್ನೇ ಕೇಳಿ ನಿರ್ಧರಿಸೋಣ.

ಮೈದಾ, ಸಕ್ಕರೆ, ಬೆಣ್ಣೆ: ಇವುಗಳಿಂದ ಆರೋಗ್ಯಕ್ಕೆ ಕೇಡಲ್ಲವೇ?

ದಿನವೂ ತಿಂದರೆ ಕೇಡೇ. ವಯಸ್ಕರು ದಿನಕ್ಕೆ ಸೇವಿಸುವ ಶಕ್ತಿಯಲ್ಲಿ, ಮೇಲಿನಿಂದ ಸೇರಿಸಿದ ಸಕ್ಕರೆ ಮತ್ತು ಜೇನು, ಹಣ್ಣಿನ ರಸಗಳ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ, ಅಂದರೆ ಸುಮಾರು 50 ಗ್ರಾಮಿಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಆ ಲೆಕ್ಕ ಇನ್ನೂ ಕಡಿಮೆಯಾಗುತ್ತದೆ. ಒಂದು ಪಾಕವಿಧಾನದಲ್ಲಿ ಒಬ್ಬೊಬ್ಬರ ಪಾಲಿಗೆ ಎಷ್ಟು ಗ್ರಾಂ ಸಕ್ಕರೆ ಬಂತೆಂದು ಹುಡುಗಿಯರೇ ಲೆಕ್ಕ ಹಾಕಿ ಬರೆಯುತ್ತಾರೆ, ಆ ಅಂಕಿಯನ್ನು ಕಂಡ ಮೇಲೆ ಉಪದೇಶದ ಅಗತ್ಯ ಬೀಳುವುದಿಲ್ಲ. ನಮ್ಮ ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಹಿಯಿಲ್ಲದ ರೊಟ್ಟಿ ಬ್ರೆಡ್ಡುಗಳೇ. ಕ್ರೀಮು ಮೆತ್ತಿದ ಬಣ್ಣದ ಕೇಕುಗಳನ್ನು ಕಲಿಸುವುದಿಲ್ಲ, ಹುಟ್ಟುಹಬ್ಬಕ್ಕೆಂದು ಕೇಳಿದರೂ ಇಲ್ಲ.

ಅಲರ್ಜಿ ಇರುವ ಮಕ್ಕಳು ಬರಬಹುದೇ?

ಗೋಧಿ, ಹಾಲು, ಶೇಂಗಾ, ಗೋಡಂಬಿ ಬಾದಾಮಿಗಳು, ಎಳ್ಳು, ಸೋಯಾ ಇವುಗಳಲ್ಲಿ ಯಾವುದಕ್ಕೆ ಅಲರ್ಜಿ ಇದ್ದರೂ ಅರ್ಜಿಯಲ್ಲಿ ಬರೆಯಬೇಕು. ಶೇಂಗಾ ನಾವು ಬಳಸುವುದೇ ಇಲ್ಲ. ಸೀಲಿಯಾಕ್, ಅಂದರೆ ಗೋಧಿಯ ಅಂಟು ದೇಹಕ್ಕೆ ಒಗ್ಗದ ರೋಗವಿರುವ ಮಕ್ಕಳಿಗೆ ಮಾತ್ರ ಪ್ರವೇಶ ಕೊಡಲಾಗುತ್ತಿಲ್ಲವೆಂಬುದನ್ನು ವಿಷಾದದಿಂದ ತಿಳಿಸಬೇಕಾಗಿದೆ. ಗೋಧಿ ಹಿಟ್ಟು ಗಾಳಿಯಲ್ಲೇ ಹಾರಾಡುವ ಕೋಣೆಯಲ್ಲಿ ಅಕ್ಕಿ, ರಾಗಿ ತಿನಿಸುಗಳೂ ಅವರಿಗೆ ಸುರಕ್ಷಿತವಾಗಿ ಉಳಿಯುವುದಿಲ್ಲ.

ಬಿಸಿ ಓವನ್, ಚಾಕು ಇವುಗಳ ಬಗ್ಗೆ ಏನು ಎಚ್ಚರ ವಹಿಸುತ್ತೀರಿ?

ನಮ್ಮ ಓವನ್ನುಗಳು 180ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ. ಐದು ಮತ್ತು ಆರನೆಯ ತರಗತಿಯವರು ಟ್ರೇ ಒಳಗಿಡುವುದಾಗಲಿ ತೆಗೆಯುವುದಾಗಲಿ ಮಾಡುವುದಿಲ್ಲ. ಅದನ್ನು ಹಿರಿಯರು ಮಾಡುತ್ತಾರೆ. ದೊಡ್ಡ ಹುಡುಗಿಯರು ಮೊಣಕೈವರೆಗಿನ ಕೈಗವಸು ತೊಟ್ಟು, ಒಬ್ಬ ಶಿಕ್ಷಕಿ ಪಕ್ಕದಲ್ಲಿದ್ದಾಗ ಮಾತ್ರ ಮಾಡಬಹುದು. ಒದ್ದೆ ಬಟ್ಟೆಯಿಂದ ಬಿಸಿ ಟ್ರೇ ಹಿಡಿಯಬಾರದೆಂಬುದು ಮೊದಲ ದಿನದ ಮೊದಲ ಪಾಠ, ಏಕೆಂದರೆ ನೀರು ಬಿಸಿಯನ್ನು ಬೇಗ ಕೈಗೆ ದಾಟಿಸುತ್ತದೆ.

ಹತ್ತಿಯ ಬಟ್ಟೆ ಹಾಕಿ ಕಳಿಸಿ. ನೈಲಾನ್ ದುಪಟ್ಟಾ, ಇಳಿಬಿದ್ದ ತೋಳು, ಗಾಜಿನ ಬಳೆ ಬೇಡ. ಜಡೆಯನ್ನು ಎತ್ತಿ ಕಟ್ಟಿರಬೇಕು, ಮುಡಿದ ಹೂವನ್ನು ಹೊರಗೇ ತೆಗೆದಿಡಬೇಕು. ಸುಟ್ಟ ಗಾಯವಾದರೆ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುತ್ತೇವೆ, ಆಮೇಲೆ ಶುದ್ಧ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಕರೆದೊಯ್ದು ನಿಮಗೆ ಫೋನ್ ಮಾಡುತ್ತೇವೆ. ಟೂತ್‌ಪೇಸ್ಟ್, ಬೆಣ್ಣೆ, ಇಂಕು, ಮಂಜುಗಡ್ಡೆ ಯಾವುದನ್ನೂ ಹಚ್ಚುವುದಿಲ್ಲ, ಮನೆಯಲ್ಲಿ ನೀವೂ ಹಚ್ಚಬೇಡಿ.

ಮುಟ್ಟಿನ ದಿನಗಳಲ್ಲಿ ಮಗಳನ್ನು ಕಳಿಸಬಹುದೇ?

ಧಾರಾಳವಾಗಿ ಕಳಿಸಬಹುದು. ಯಾರು ಹಿಟ್ಟು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬ ವಿಂಗಡಣೆ ಇಲ್ಲಿಲ್ಲ. ಯಾರನ್ನೂ ಆ ಬಗ್ಗೆ ಕೇಳುವುದೂ ಇಲ್ಲ. ಕೈಯನ್ನು ಸೋಪಿನಿಂದ ತೊಳೆಯಬೇಕೆಂಬ ನಿಯಮ ಎಲ್ಲರಿಗೂ ಎಲ್ಲ ದಿನವೂ ಒಂದೇ. ಮನೆಯ ಪದ್ಧತಿ ನಿಮಗೆ ಬಿಟ್ಟದ್ದು, ಆದರೆ ಅಲ್ಲಿನ ಕಟ್ಟಳೆಯನ್ನು ತರಗತಿಯಲ್ಲೂ ಪಾಲಿಸುವಂತೆ ನಮ್ಮನ್ನು ಕೇಳಬೇಡಿ. ಹೊಟ್ಟೆನೋವಿದ್ದರೆ ಮಲಗಲು ಒಂದು ಕೋಣೆ ಇದೆ, ಸ್ಯಾನಿಟರಿ ಪ್ಯಾಡುಗಳನ್ನು ಕೇಳದೆಯೇ ತೆಗೆದುಕೊಳ್ಳುವಂತೆ ಬಚ್ಚಲಮನೆಯ ಕಪಾಟಿನಲ್ಲಿ ಇಟ್ಟಿರುತ್ತೇವೆ.

ಇದರಿಂದ ಶಾಲೆಯ ಓದಿಗೆ ಉಪಯೋಗವಿದೆಯೇ?

ಅಂಕಗಳು ಏರುತ್ತವೆಂದು ಭರವಸೆ ಕೊಡಲಾರೆವು. ಆದರೂ ಬೇಕರಿಯವರ ಶೇಕಡಾ ಲೆಕ್ಕ ಗಣಿತದ ಭಯವಿರುವ ಮಕ್ಕಳಿಗೆ ಒಳ್ಳೆಯ ಮದ್ದು. ಅದರಲ್ಲಿ ಹಿಟ್ಟಿನ ತೂಕವನ್ನು ಯಾವಾಗಲೂ 100 ಎಂದು ಹಿಡಿದು, ಉಳಿದದ್ದನ್ನು ಅದರ ಪಾಲಾಗಿ ಹೇಳುತ್ತಾರೆ. ನೀರು ಶೇ 65, ಉಪ್ಪು ಶೇ 2, ಒಣ ಯೀಸ್ಟ್ ಶೇ 1 ಎಂದರೆ 500 ಗ್ರಾಂ ಹಿಟ್ಟಿಗೆ 325 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಯೀಸ್ಟ್. ಎಲ್ಲವನ್ನೂ ಕೂಡಿದರೆ 168 ಬರುವುದನ್ನು ಕಂಡು “ಶೇಕಡಾ ನೂರನ್ನು ಮೀರಿತಲ್ಲ” ಎಂದು ಯಾರಾದರೊಬ್ಬಳು ತಕರಾರು ತೆಗೆದಾಗ ನಿಜವಾದ ಪಾಠ ಶುರುವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿಗೇ ಕುದಿಯುವುದನ್ನು ತಾಪಮಾಪಕ ಇಟ್ಟು ನೋಡುತ್ತಾರೆ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಹಿಟ್ಟು ಪುಸ್ತಕದಲ್ಲಿ ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಉಬ್ಬುತ್ತದೆ, ಹಾಗಾಗಿ ಗಡಿಯಾರವನ್ನಲ್ಲ, ಹಿಟ್ಟನ್ನು ನೋಡಲು ಕಲಿಯುತ್ತಾರೆ.

ಮನೆಯಲ್ಲಿ ಓವನ್ ಇಲ್ಲ. ಕಲಿತದ್ದನ್ನು ಮಾಡುವುದು ಹೇಗೆ?

ಕೊಂಡುಕೊಳ್ಳುವ ಅಗತ್ಯವಿಲ್ಲ. ಲವಾಶ್, ಇಂಜೆರಾ ಬಗೆಯವು ಕಾವಲಿಯ ಮೇಲೆಯೇ ಆಗುತ್ತವೆ. ಬಿಸ್ಕತ್ತು, ಸೋಡಾ ಬ್ರೆಡ್ಡುಗಳಿಗೆ ದಪ್ಪ ತಳದ ಬಾಣಲೆಯಲ್ಲಿ ಮರಳು ಅಥವಾ ಉಪ್ಪು ಹರಡಿ, ಮೇಲೊಂದು ಸಿಂಬಿಯಿಟ್ಟು, ಬಿಗಿಯಾದ ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿದರೆ ಸಾಕಾಗುತ್ತದೆ. ಮೇಲ್ಭಾಗ ಮಾತ್ರ ಅಷ್ಟಾಗಿ ಕೆಂಪಗಾಗುವುದಿಲ್ಲ. ಫಿಲಿಪ್ಪೀನ್ಸಿನವರು ಬಾಳೆಲೆ ಹಾಸಿ ಮಾಡುವ ಬಿಬಿಂಕಾ ಎಂಬ ಅಕ್ಕಿಯ ಕೇಕಿಗೆ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಡುವುದು ಈ ಕೊರತೆಯನ್ನು ತುಂಬಲೆಂದೇ. ನೀರಿಲ್ಲದೆ ಪ್ರೆಶರ್ ಕುಕ್ಕರ್ ಕಾಯಿಸುವ ಉಪಾಯವನ್ನು ನಾವು ಹೇಳಿಕೊಡುವುದಿಲ್ಲ.

ತರಗತಿ ಯಾವ ಭಾಷೆಯಲ್ಲಿ ನಡೆಯುತ್ತದೆ?

ಕನ್ನಡದಲ್ಲಿ. ಪಾಕವಿಧಾನದ ಹಾಳೆಗಳೂ ಕನ್ನಡದಲ್ಲಿರುತ್ತವೆ, ಅಳತೆಗಳೆಲ್ಲ ಗ್ರಾಮಿನಲ್ಲಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಮೊದಲ ವಾರ ತುಸು ನಿಧಾನವಾದೀತು.

ಪಾತ್ರೆ ತೊಳೆಯುವವರು ಯಾರು?

ಮಾಡಿದವರೇ. ಅಂಟಿದ ಹಿಟ್ಟನ್ನು ಬಿಸಿನೀರಿನಲ್ಲಲ್ಲ, ತಣ್ಣೀರಿನಲ್ಲಿ ನೆನೆಸಬೇಕೆಂಬುದನ್ನು ಅವರು ಬಹುಬೇಗ ಕಲಿಯುತ್ತಾರೆ.

ಪರೀಕ್ಷೆ, ರಜೆ, ಶುಲ್ಕದ ನಿಯಮಗಳೇನು?

ಜೂನ್ ಮಧ್ಯದಿಂದ ದಸರಾ ರಜೆಯವರೆಗೆ ಒಂದು ಅವಧಿ, ನವೆಂಬರಿನಿಂದ ಫೆಬ್ರವರಿ ಮೊದಲ ವಾರದವರೆಗೆ ಇನ್ನೊಂದು. ದಸರಾ ದಿನಗಳಲ್ಲಿ ಊರೊಳಗೆ ಓಡಾಡುವುದೇ ಕಷ್ಟವಾಗುವುದರಿಂದ ತರಗತಿ ಇರುವುದಿಲ್ಲ. ವಾರ್ಷಿಕ ಪರೀಕ್ಷೆಯ ಸಮಯದಲ್ಲೂ ಇಲ್ಲ. ಶುಲ್ಕವನ್ನು ಅವಧಿಯ ಆರಂಭದಲ್ಲಿ ಒಮ್ಮೆಗೇ ಕಟ್ಟಬೇಕು, ಸಾಮಗ್ರಿಯೆಲ್ಲ ಅದರಲ್ಲೇ ಸೇರಿರುತ್ತದೆ. ಪ್ರತಿ ತಂಡದಲ್ಲೂ ಸರ್ಕಾರಿ ಶಾಲೆಯ ಮಕ್ಕಳಿಗೆ ಶುಲ್ಕವಿಲ್ಲದ ಮೂರು ಜಾಗಗಳಿವೆ. ಅವು ಯಾರವೆಂದು ಉಳಿದ ಮಕ್ಕಳಿಗೆ ತಿಳಿಯುವುದಿಲ್ಲ. ಜೋಡಿ ತರಗತಿಗಳಲ್ಲಿ ಮೊದಲನೆಯದನ್ನು ತಪ್ಪಿಸಿಕೊಂಡವಳು ಎರಡನೆಯದಕ್ಕೆ ಬರಬಹುದು, ಆದರೆ ಹಾಳೆಯನ್ನು ಓದಿಕೊಂಡು ಬರಬೇಕು.

ತರಗತಿಯ ಫೋಟೊಗಳನ್ನು ಹಾಕುತ್ತೀರಾ?

ಕೈಗಳು, ಹಿಟ್ಟು, ತಿನಿಸು ಇವುಗಳ ಚಿತ್ರಗಳನ್ನು ಮಾತ್ರ. ಮಕ್ಕಳ ಮುಖ, ಹೆಸರು, ಶಾಲೆ ಎಲ್ಲಿಯೂ ಕಾಣಿಸುವುದಿಲ್ಲ. ಕರೆದೊಯ್ಯಲು ಬರುವ ಹೆತ್ತವರೂ ಬೇರೆಯವರ ಮಕ್ಕಳ ಚಿತ್ರ ತೆಗೆಯಬಾರದು.

ಮುಂದೆ ಇದನ್ನೇ ವೃತ್ತಿಯಾಗಿ ಮಾಡಿಕೊಳ್ಳಬಯಸಿದರೆ ದಾರಿಗಳಿವೆಯೇ?

ಇವೆ, ಮತ್ತು ಮೈಸೂರಿನವರು ಅದೃಷ್ಟವಂತರು. 1950ರಿಂದ ನಮ್ಮೂರಿನಲ್ಲೇ ಇರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ, ಅಂದರೆ ಸಿಎಫ್‌ಟಿಆರ್‌ಐನಲ್ಲಿ, ಹಿಟ್ಟು ಬೀಸುವುದು ಮತ್ತು ಬೇಕಿಂಗ್‌ಗೆಂದೇ ಒಂದು ವಿಭಾಗವಿದೆ. ಅಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಓದಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವಿದೆ. ಸದ್ಯಕ್ಕೆ ಮಕ್ಕಳು ಮಾಡಿದ್ದನ್ನು ಮಾರಲು ನಾವು ಪ್ರೋತ್ಸಾಹಿಸುವುದಿಲ್ಲ. ಮನೆಯಲ್ಲಿ ಮಾಡಿ ಮಾರುವ ಹಿರಿಯರಿಗೂ ಆಹಾರ ಸುರಕ್ಷತೆಯ ಸರ್ಕಾರಿ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕು ಎಂಬುದನ್ನು ನೆನಪಿಸುತ್ತೇವೆ.

ಮೊದಲ ದಿನ ಏನೇನು ತರಬೇಕು?

ಗೆರೆಯಿಲ್ಲದ ಒಂದು ನೋಟ್‌ಪುಸ್ತಕ, ಪೆನ್ಸಿಲ್, ಹತ್ತಿಯ ಏಪ್ರನ್ ಅಥವಾ ಅಪ್ಪನ ಹಳೆಯ ಅಂಗಿ, ಕುಡಿಯುವ ನೀರು, ಮತ್ತು ಎರಡನೆಯ ಶನಿವಾರ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಬಿಸಿ ಬ್ರೆಡ್ಡನ್ನು ಯಾವ ಡಬ್ಬಿಯಲ್ಲಿಟ್ಟರೂ ಬೆವರಿ ಸಿಪ್ಪೆ ಮೆತ್ತಗಾಗುವುದರಿಂದ ಪೂರ್ತಿ ಆರುವವರೆಗೆ ತುಂಬಿಸುವುದಿಲ್ಲ, ಆ ದಿನಗಳಲ್ಲಿ ಕರೆದೊಯ್ಯಲು ಹದಿನೈದು ನಿಮಿಷ ತಡವಾಗಿ ಬಂದರೆ ಅನುಕೂಲ.